ಬಣ್ಣ ಯಾರಿಗಾಗಿ?

"ನೀನೊಬ್ಬ ಊಸರವಳ್ಳಿ ಕಣೋ" ಎಂದು ಹಾಸ್ಟೆಲಿನ ಗೆಳೆಯನೊಬ್ಬ ಒಮ್ಮೆ ಅಂದ. ಹತ್ತು ನಿಮಿಷದಲ್ಲಿ ನಾನು ಮೂರು ಭಾಷೆ ಆಡಿದ್ದನ್ನು ಅವನು ಕೇಳಿಸಿಕೊಂಡಿದ್ದ. ಚಿಂತಾಮಣಿ ಕಡೆಯವರಿಗೆ ಇದೇನೂ ವಿಶೇಷವಲ್ಲ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಅಪ್ಪನ ಜೊತೆ ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋದರೆ ಹರಕುಮುರುಕು ಉರ್ದು. ಆದರೂ ಆ ಮಾತು ಚುಚ್ಚಿತು. ಬಣ್ಣ ಬದಲಿಸುವವನೆಂದರೆ ನಂಬಿಕೆಗೆ ಅರ್ಹನಲ್ಲದವನು ಎಂದೇ ಅಲ್ಲವೇ ನಮ್ಮಲ್ಲಿ ಅರ್ಥ?

ಆ ಪ್ರಾಣಿಗಳನ್ನೇ ಕೇಳಿದರೆ ಬೇರೆ ಉತ್ತರ ಸಿಗುತ್ತದೆ. ನಮ್ಮ ಸೀಮೆಯ ಕಲ್ಲುಬೆಟ್ಟಗಳಲ್ಲಿ ಬಿಸಿಲು ಕಾಯಿಸುವ ಬಂಡೆ ಓತಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಧ್ಯಯನ ಮಾಡಿದ್ದಾರೆ. ಗಂಡು ಓತಿ ಹೆಣ್ಣಿನೆದುರು ಬೆನ್ನನ್ನು ಕೆಂಪು, ಪಕ್ಕೆಗಳನ್ನು ಕಪ್ಪು ಮಾಡಿಕೊಳ್ಳುತ್ತದೆ. ಇನ್ನೊಂದು ಗಂಡು ಎದುರಾದರೆ ಬೆನ್ನು ಹಳದಿ, ಪಕ್ಕೆ ಕಿತ್ತಳೆ. ಇದು ಅಡಗುವ ಉಪಾಯವಲ್ಲ. ಎದುರಿಗಿರುವವರಿಗೆ ತಕ್ಕಂತೆ ಆಡುವ ಮಾತು.

ಕಡಲಿನ ಹವಳದ ದಿಬ್ಬಗಳಲ್ಲಿ ಈ ಮಾತು ಇನ್ನೂ ಸೂಕ್ಷ್ಮ. ಅಲ್ಲಿ ದೊಡ್ಡ ಮೀನುಗಳ ಮೈಮೇಲಿನ ಪರೋಪಜೀವಿಗಳನ್ನು ಹೆಕ್ಕಿ ತಿನ್ನುವ, ನೀಲಿ ಮೈಗೆ ಕಪ್ಪು ಪಟ್ಟೆಯ ಪುಟ್ಟ ಮೀನೊಂದಿದೆ. ಅದರ ಠಾಣೆಗೆ ಬಂದ ಕೆಲವು ಗೋಟ್‌ಫಿಶ್‌ಗಳು ನಿಂತಲ್ಲೇ ಕೆಂಪಾಗುತ್ತವೆ. ಹಾಗೆ ಬಣ್ಣ ಬದಲಿಸಿ, ತನ್ನ ಮೈಯನ್ನು ಇನ್ನೊಬ್ಬರ ಬಾಯಿಗೆ ಒಪ್ಪಿಸಿ ನಿಲ್ಲುವುದಕ್ಕೆ ಎಷ್ಟು ನಂಬಿಕೆ ಬೇಕು!

ಆ ನಂಬಿಕೆಯನ್ನೇ ಬಂಡವಾಳ ಮಾಡಿಕೊಂಡ ಮೀನೂ ಇದೆ: ಫ್ಯಾಂಗ್‌ಬ್ಲೆನಿ. ಶುಚಿ ಮಾಡುವ ಮೀನಿನ ಪಟ್ಟೆಗಳನ್ನೇ ತೊಟ್ಟು ಹತ್ತಿರ ಬಂದು, ಮೈಯನ್ನು ಕಚ್ಚಿ ಓಡುತ್ತದೆ. ಆ ವೇಷ ನಡೆಯದ ಕಡೆ ಬೇರೆ ಬಣ್ಣ ತಾಳಿ, ಅದೇ ಬಣ್ಣದ ಬೇರೆ ಮೀನುಗಳ ಗುಂಪಿನಲ್ಲಿ ಬೆರೆತು, ಅಲ್ಲಿಂದಲೇ ಹೊಂಚುಹಾಕುತ್ತದೆ.

ಗೋಟ್‌ಫಿಶ್ ಮತ್ತು ಫ್ಯಾಂಗ್‌ಬ್ಲೆನಿ ಎರಡೂ ಬಣ್ಣ ಬದಲಿಸುತ್ತವೆ. ಒಂದು ತನ್ನನ್ನು ತೋರಿಸಿಕೊಳ್ಳಲು, ಇನ್ನೊಂದು ಮುಚ್ಚಿಕೊಳ್ಳಲು. ಹಾಗಾದರೆ 'ಬಣ್ಣ ಬದಲಾಯಿತೇ' ಎನ್ನುವುದು ತಪ್ಪು ಪ್ರಶ್ನೆ. ಬದಲಾದ ಬಣ್ಣದಿಂದ ಎದುರಿನವರಿಗೆ ನಾವು ಹೆಚ್ಚು ಕಂಡೆವೋ, ಕಡಿಮೆ ಕಂಡೆವೋ ಎಂದು ಕೇಳಬೇಕು. ಅಪ್ಪನ ಮುರುಕು ಉರ್ದುವಿನಲ್ಲಿ ರೀಲರುಗಳಿಗೆ ಅಪ್ಪ ಚೆನ್ನಾಗಿಯೇ ಕಾಣುತ್ತಿದ್ದರು.

ನನ್ನ ವಿಷಯ ಬೇರೆ. ಗೌರಿಬಿದನೂರಿನಿಂದ ಬಂದ ಜೂನಿಯರ್ ಒಬ್ಬ ಊಟದ ಹಾಲಿನಲ್ಲಿ ತೆಲುಗಿನ ಎಳೆತವಿರುವ ಕನ್ನಡದಲ್ಲಿ ಏನೋ ಹೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಹಿಂದಿನ ರಾತ್ರಿ ವರಾಂಡದಲ್ಲಿ ನಿಂತು ಅಮ್ಮನೊಂದಿಗೆ ಅದೇ ಎಳೆತದಲ್ಲಿ ನಾನು ಮಾತಾಡಿದ್ದನ್ನು ಅವನು ಕೇಳಿದ್ದ. ನನ್ನತ್ತ ಒಮ್ಮೆ ನೋಡಿ, ತಟ್ಟೆಯ ಕಡೆ ತಲೆ ತಗ್ಗಿಸಿದ.

ಗೆಳೆಯ ಬೈದದ್ದು ನನ್ನ ಮೂರು ಭಾಷೆಗಳಿಗೆ. ಅದಕ್ಕೆ ನಾನು ಇವತ್ತಿಗೂ ತಲೆಬಾಗಲಾರೆ. ಆದರೆ ಆ ನಗುವಿಗೆ ಆ ಬೈಗುಳ ಸರಿಯಾಗಿಯೇ ಹೊಂದುತ್ತಿತ್ತು. ಅದನ್ನು ಅನ್ನುವ ಹಕ್ಕಿದ್ದ ಹುಡುಗ ಏನೂ ಅನ್ನಲಿಲ್ಲ.