ಇಳಿಯುವ ನೀರು, ಇಳಿಯದ ನೀರು

ವಾಕ್ಯಭಾಗ: ಯೆಶಾಯ 43:1-3, ಅಪೊಸ್ತಲರ ಕೃತ್ಯಗಳು 27 ಮತ್ತು 28:1-3

ಈ ಮಳೆಯಲ್ಲೂ, ಈ ಟ್ರಾಫಿಕ್‌ನಲ್ಲೂ ದೇವರ ಸನ್ನಿಧಿಗೆ ಬಂದಿದ್ದೀರಿ. ದೇವರಿಗೆ ಸ್ತೋತ್ರ. ಹಲ್ಲೆಲೂಯಾ!

ಈ ವಾರ ನನ್ನ ಫೋನಿಗೆ ಬಂದ ಪ್ರಾರ್ಥನಾ ಮನವಿಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ ಇದ್ವು. "ಪಾಸ್ಟರ್, ಊರಲ್ಲಿ ಮೂರು ದಿನದಿಂದ ಕರೆಂಟ್ ಇಲ್ಲ, ಅಪ್ಪನ ಫೋನ್ ಸ್ವಿಚ್ ಆಫ್ ಬರ್ತಿದೆ." "ಅಣ್ಣ, ಮನೆ ಮುಂದಿನ ಕಾಲುಸಂಕ ಕೊಚ್ಚಿ ಹೋಗಿದೆಯಂತೆ, ಅಮ್ಮ ಒಬ್ಬರೇ ಇದ್ದಾರೆ." ಇಲ್ಲಿ ಕೂತಿರುವ ನಿಮ್ಮಲ್ಲಿ ಬಹಳ ಜನರ ಊರು ಸಾಗರ, ಹೊಸನಗರ, ತೀರ್ಥಹಳ್ಳಿ. ದೇಹ ಇಲ್ಲಿ ಪಿಜಿಯಲ್ಲಿದೆ, ಮನಸ್ಸು ಅಲ್ಲಿ ಹೊಳೆ ದಂಡೆಯಲ್ಲಿದೆ. ಅದಕ್ಕೇ ಇವತ್ತು ನೀರಿನ ಬಗ್ಗೆ ಮಾತಾಡೋಣ.

ಯೆಶಾಯ 43ನೇ ಅಧ್ಯಾಯ ತೆಗೀರಿ. ಎರಡನೇ ವಚನದಲ್ಲಿ ಕರ್ತನು ತನ್ನ ಜನರಿಗೆ ಕೊಡುವ ವಾಗ್ದಾನ ನಿಮಗೆ ಗೊತ್ತು. ನೀರನ್ನು ದಾಟುವ ಹೊತ್ತಲ್ಲಿ ಜೊತೆಗಿರುತ್ತೇನೆ ಅಂತಾನೆ. ಗಮನಿಸಿ, "ನೀರೇ ಬರೋದಿಲ್ಲ" ಅಂತ ಹೇಳಲಿಲ್ಲ. ಬರುತ್ತೆ, ದಾಟಬೇಕಾಗುತ್ತೆ ಅಂತ ಗೊತ್ತಿದ್ದೇ ಹೇಳಿದ ಮಾತು ಇದು. ನಮ್ಮ ಮಲೆನಾಡಿನವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಆಗುಂಬೆ ಇರೋದು ತೀರ್ಥಹಳ್ಳಿ ತಾಲ್ಲೂಕಲ್ಲಿ, ಹುಲಿಕಲ್ ಇರೋದು ಹೊಸನಗರ ತಾಲ್ಲೂಕಲ್ಲಿ. ತೀರ್ಥಹಳ್ಳಿಯವರು ತುಂಗೆಯ ಮಧ್ಯದ ರಾಮ ಮಂಟಪ ನೋಡಿ ನೀರು ಎಷ್ಟು ಏರಿದೆ ಅಂತ ಲೆಕ್ಕ ಹಾಕ್ತಾರೆ. ಅದೇ ತಾಲ್ಲೂಕಿನ ಅಂಬುತೀರ್ಥದಲ್ಲಿ ಶರಾವತಿ ಹುಟ್ಟಿ, ಹೊಸನಗರ ದಾಟಿ, ಸಾಗರಕ್ಕೆ ಬರ್ತಾಳೆ. ಒಂದೇ ಹೊಳೆ ಮೂರು ತಾಲ್ಲೂಕನ್ನೂ ಕಟ್ಟಿಹಾಕಿದೆ. ಮಳೆ ಬರುವಾಗ ವಿಶ್ವಾಸಿಯ ಮನೆ ಯಾವುದು, ಅವಿಶ್ವಾಸಿಯ ಮನೆ ಯಾವುದು ಅಂತ ಕೇಳಿಕೊಂಡು ಬರಲ್ಲ. ಮತ್ತಾಯ 7ರಲ್ಲಿ ಕರ್ತನು ಹೇಳಿದ ಎರಡು ಮನೆ ನೆನಪಿದೆಯಲ್ಲ? ಬಂಡೆ ಮೇಲಿನ ಮನೆಗೂ ಮಳೆ ಬಂತು, ಮರಳಿನ ಮೇಲಿನ ಮನೆಗೂ ಅದೇ ಮಳೆ ಬಂತು.

ಹಾಗಾದರೆ ವಿಶ್ವಾಸಿ ನೀರಿನ ಮಧ್ಯೆ ಹೇಗೆ ಇರಬೇಕು? ಅಪೊಸ್ತಲರ ಕೃತ್ಯಗಳು 27ರಿಂದ ಮೂರು ವಿಷಯ ನೋಡೋಣ.

ಮೊದಲನೆಯದು: ನಂಬಿಕೆ ಬೇರೆ, ಹುಚ್ಚು ಧೈರ್ಯ ಬೇರೆ.

ಪೌಲನು ಕೈದಿಯಾಗಿ ರೋಮ್‌ಗೆ ಹೋಗ್ತಿದ್ದಾನೆ. ಸಮುದ್ರ ಪ್ರಯಾಣದ ಕಾಲ ಮುಗಿದಿದೆ. ಪೌಲ ಎದ್ದು ಹೇಳ್ತಾನೆ: ಈಗ ಹೊರಟರೆ ನಷ್ಟ ಆಗುತ್ತೆ, ಹಡಗಿಗೂ ಪ್ರಾಣಕ್ಕೂ ಅಪಾಯ ಇದೆ. ಶತಾಧಿಪತಿ ಅವನ ಮಾತು ಕೇಳಲಿಲ್ಲ. ಇಲ್ಲಿ ಯೋಚನೆ ಮಾಡಿ. ಆ ಹಡಗಲ್ಲಿ ಎಲ್ಲರಿಗಿಂತ ಹೆಚ್ಚು ನಂಬಿಕೆ ಇದ್ದವನು ಯಾರು? ಪೌಲ. "ಹೋಗೋದು ಬೇಡ" ಅಂದವನು ಯಾರು? ಅದೇ ಪೌಲ!

ಯುವಕರೇ, ಇದನ್ನು ನಿಮಗೇ ಹೇಳ್ತಿದ್ದೀನಿ. ವೀಕೆಂಡ್ ಬಂತು ಅಂದ್ರೆ ಬೈಕ್ ತಗೊಂಡು ಜೋಗ, ಆಗುಂಬೆ, ಹುಲಿಕಲ್ ಘಾಟಿ. ಸೇತುವೆ ಮೇಲೆ ನೀರು ಹರೀತಿರುತ್ತೆ. ಆ ಕಡೆ ಸ್ಥಳೀಯರು ನಿಂತು "ಬರಬೇಡಿ" ಅಂತ ಕೈ ಬೀಸ್ತಿರ್ತಾರೆ. ನೀವು "ದೇವರಿದ್ದಾನೆ, ಏನೂ ಆಗಲ್ಲ" ಅಂತ ಗೇರ್ ಹಾಕ್ತೀರ. ಸೈತಾನನು ಯೇಸುವನ್ನು ದೇವಾಲಯದ ತುದಿಗೆ ಕರ್ಕೊಂಡು ಹೋಗಿ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ಕೆಳಗೆ ಹಾರು, ದೂತರು ಹಿಡೀತಾರೆ ಅಂದ. ಅದಕ್ಕೆ ವಚನ ಬೇರೆ ಹೇಳಿದ! ಯೇಸು ಹಾರಲಿಲ್ಲ. ದೇವರನ್ನು ಪರೀಕ್ಷೆ ಮಾಡಬಾರದು ಅಂತ ಉತ್ತರ ಕೊಟ್ಟನು. ಹರಿಯುವ ನೀರು ಮೊಣಕಾಲು ಮುಟ್ಟೋ ಮೊದಲೇ ಒಬ್ಬ ಗಟ್ಟಿ ಆಳಿನ ಕಾಲು ಕಿತ್ತುಬಿಡುತ್ತೆ. ಹಿಂದಕ್ಕೆ ತಿರುಗಿ ಬನ್ನಿ. ಹಿಂದೆ ತಿರುಗೋದು ಅಪನಂಬಿಕೆ ಅಲ್ಲ. ಆಮೆನ್?

ಊರಿನ ಹಿರಿಯರನ್ನು ನೋಡಿ. ಮಳೆ ಹಿಡಿಯೋ ಮೊದಲೇ ಕೊಟ್ಟಿಗೆ ಪಕ್ಕ ಸೌದೆ ಒಟ್ಟಿರುತ್ತಾರೆ. ಅಕ್ಕಿ, ಬೇಳೆ, ಮಾತ್ರೆ ತಂದಿಟ್ಟಿರುತ್ತಾರೆ. ಅಟ್ಟದ ಮೇಲೆ ಹಪ್ಪಳ, ಭರಣಿಯಲ್ಲಿ ಮಿಡಿ ಉಪ್ಪಿನಕಾಯಿ. ನೋಹನು ನಾವೆ ಕಟ್ಟಿದ್ದು ಮಳೆ ಶುರುವಾದ ಮೇಲಲ್ಲ. ಇವತ್ತು ಮನೆಗೆ ಫೋನ್ ಸಿಕ್ಕಿದರೆ "ಪ್ರಾರ್ಥಿಸ್ತಿದ್ದೀನಿ ಅಮ್ಮ" ಅಂತ ಹೇಳಿ, ಜೊತೆಗೆ ಇದನ್ನೂ ಕೇಳಿ: ಬಿಪಿ ಮಾತ್ರೆ ಎಷ್ಟು ದಿನಕ್ಕಿದೆ? ಟಾರ್ಚ್‌ಗೆ ಸೆಲ್ ಇದೆಯಾ? ಹಿಂದಿನ ಧರೆ ಬಿರುಕು ಬಿಟ್ಟಿದೆಯಾ? ರಾತ್ರಿ ತೊಂದರೆಯಾದರೆ ಯಾರ ಮನೆಗೆ ಹೋಗ್ತೀರ? ಜಿಲ್ಲಾ ನಿಯಂತ್ರಣ ಕೊಠಡಿಯ ನಂಬರ್ 1077, ಅದನ್ನು ಗೋಡೆ ಮೇಲೆ ದೊಡ್ಡದಾಗಿ ಬರೆಸಿ. ಇದೂ ಪ್ರಾರ್ಥನೆಯ ಭಾಗವೇ.

ಎರಡನೆಯದು: ಹಡಗು ಹೋಗಬಹುದು, ನಿನ್ನನ್ನು ದೇವರು ಬಿಡಲ್ಲ.

ಹದಿನಾಲ್ಕು ರಾತ್ರಿ ಬಿರುಗಾಳಿ. ಸೂರ್ಯ ಇಲ್ಲ, ನಕ್ಷತ್ರ ಇಲ್ಲ. ಬದುಕುಳಿಯುವ ಆಸೆಯೇ ಹೋಯ್ತು. ಆಗ ದೇವದೂತ ಪೌಲನ ಹತ್ತಿರ ಬಂದ. ಪೌಲ ಎಲ್ಲರಿಗೂ ಹೇಳಿದ: ಒಂದು ಪ್ರಾಣವೂ ಹೋಗಲ್ಲ, ಆದರೆ ಹಡಗು ಹೋಗುತ್ತೆ. ಪ್ರಿಯರೇ, ನಮಗೆ ಈ ವಾಗ್ದಾನದ ಮೊದಲ ಅರ್ಧ ಮಾತ್ರ ಬೇಕು. ಜೀವವೂ ಬೇಕು, ಹಡಗೂ ಬೇಕು, ಹಡಗಿನ ಗೋಧಿಯೂ ಬೇಕು!

ಈ ವಿಷಯವನ್ನು ನನಗೆ ಸರಿಯಾಗಿ ಅರ್ಥ ಮಾಡಿಸಿದವರು ಹೊಸನಗರ ಕಡೆಯ ಒಬ್ಬ ಅಜ್ಜಿ. ಅವರು ಮುಳುಗಡೆಯವರು. ಸಾಗರ, ಹೊಸನಗರದವರಿಗೆ "ಮುಳುಗಡೆ" ಅನ್ನೋ ಪದ ಸಾಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಹಳ್ಳಿಗಳು, ಗದ್ದೆಗಳು, ತೋಟಗಳು ಅಡಿಗೆ ಹೋದವು. ಅದಕ್ಕೂ ಮೊದಲು ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಮುಳುಗಿತು. ಸಾವಿರಾರು ಕುಟುಂಬಗಳು ಲಾರಿ ಹತ್ತಿ ಹೊರಟವು. ಎಷ್ಟೋ ಮನೆಯವರ ಭೂಮಿ ಹಕ್ಕಿನ ಸಮಸ್ಯೆ ಇವತ್ತಿಗೂ ಮುಗಿದಿಲ್ಲ. ಆ ನೀರಿನಿಂದ ನಡೆಯುವ ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವಾಟ್. ನಗರಗಳಿಗೆ ಬೆಳಕು ಬಂತು. ಹಿನ್ನೀರಿನ ಎಷ್ಟೋ ಹಳ್ಳಿಗಳು ಮಾತ್ರ ಬಹಳ ಕಾಲ ಕತ್ತಲಲ್ಲೇ ಇದ್ದವು. ತುಮರಿ ಕಡೆಯವರು ಹೊಳೆಬಾಗಿಲಲ್ಲಿ ಲಾಂಚ್‌ಗೆ ಕಾದು ಕಾದು, ಕೊನೆಗೆ ಸೇತುವೆ ನೋಡಿದ್ದು 2025ರ ಜುಲೈನಲ್ಲಿ. ನಾವು ಇಲ್ಲಿ ಸ್ವಿಚ್ ಒತ್ತುವಾಗ ಒಂದು ಕ್ಷಣ ಅವರನ್ನು ನೆನೆಯಬೇಕು.

ಅಜ್ಜಿ ಆಗ ಸಣ್ಣ ಹುಡುಗಿ. ಅವರು ಹೇಳಿದ್ದು: "ಮಳೆ ನೀರಾದ್ರೆ ಇಳೀತದೆ ತಮ್ಮಾ, ಇದು ಇಳೀಲಿಲ್ಲ. ಬೇಸಿಗೇಲಿ ನೀರು ಹಿಂದೆ ಸರಿದಾಗ ನಮ್ಮ ಬಾವಿಕಟ್ಟೆ ಕಾಣ್ತಿತ್ತು. ನಮ್ಮಪ್ಪ ವರ್ಷಾ ವರ್ಷಾ ಹೋಗಿ ಅದ್ರ ಮೇಲೆ ಕೂತು ಬರೋರು. ನೀರು ಸೇದಕ್ಕೆ ಆಗ್ತದಾ? ಇಲ್ಲ. ಸುಮ್ನೆ ಕೂತು ಬರೋರು." ನಾನು ಏನೂ ಹೇಳಲಿಲ್ಲ. ಆಮೇಲೆ ಅವರೇ ಹೇಳಿದ್ರು: "ನಾನು ಹೋಗದು ನಿಲ್ಲಿಸ್ದೆ. ದೇವ್ರು ಈ ಕಡೆ ದಡದಲ್ಲೂ ಒಂದು ಬಾವಿ ಕೊಟ್ಟಿದ್ದ."

ಕೆಲವು ಕಷ್ಟ ಆಷಾಢದ ಮಳೆಯ ಹಾಗೆ. ಬರುತ್ತೆ, ಹೆದರಿಸುತ್ತೆ, ಇಳಿಯುತ್ತೆ. ಕೆಲವು ಮುಳುಗಡೆ ಹಾಗೆ, ಇಳಿಯೋದೇ ಇಲ್ಲ. ತೀರಿಹೋದ ತಂದೆ ವಾಪಸ್ ಬರಲ್ಲ. ಮುರಿದ ಸಂಬಂಧ ಮೊದಲಿನಂತೆ ಆಗಲ್ಲ. ಧರೆ ಕುಸಿದು ಹೋದ ತೋಟ ಹೋಯಿತು. "ನಂಬಿದರೆ ಎಲ್ಲಾ ವಾಪಸ್ ಬರುತ್ತೆ" ಅಂತ ನಾನು ಈ ವೇದಿಕೆಯಿಂದ ಹೇಳಲ್ಲ, ಯಾಕಂದ್ರೆ ಯೆಶಾಯನು ಅಂಥದ್ದನ್ನು ಹೇಳಲಿಲ್ಲ. ಊರು, ಮನೆ, ದೇವಾಲಯ ಕಳಕೊಂಡವರಿಗೆ ಬರೆದ ಮಾತು ಅದು. ಅವರಿಗೆ ದೇವರು ಮೊದಲು ಹೇಳಿದ್ದು ಏನು? ನಿನ್ನನ್ನು ಹೆಸರು ಹಿಡಿದು ಕರೆದಿದ್ದೇನೆ, ನೀನು ನನ್ನವನು ಅನ್ನೋದನ್ನ. ಊರಿನ ಹೆಸರು ನಕ್ಷೆಯಿಂದ ಹೋಗಬಹುದು. ನಿನ್ನ ಹೆಸರು ಆತನ ಬಾಯಲ್ಲಿದೆ. ಹಲ್ಲೆಲೂಯಾ!

ಮೂರನೆಯದು: ದಡದಲ್ಲಿ ಬೆಂಕಿ ಹಚ್ಚುವವರಾಗಿ.

ಆ ಹಡಗಲ್ಲಿ 276 ಜನ. ಬೆಳಗಾಗೋ ಹೊತ್ತಿಗೆ ಪೌಲ ದೊಡ್ಡ ಪ್ರಸಂಗ ಮಾಡಲಿಲ್ಲ. "ಊಟ ಮಾಡಿ" ಅಂದ. ರೊಟ್ಟಿ ತಗೊಂಡು ಸ್ತೋತ್ರ ಮಾಡಿ, ತಾನೇ ಮೊದಲು ತಿಂದ. ನೋಡಿದವರಿಗೆಲ್ಲ ಧೈರ್ಯ ಬಂತು. ಹಡಗು ಒಡೆಯಿತು. ಈಜು ಬಂದವರು ಈಜಿದರು, ಬಾರದವರು ಹಲಗೆ ಹಿಡಿದು ತೇಲಿದರು. ಎಲ್ಲರೂ ಮಾಲ್ಟಾ ದ್ವೀಪದ ದಡ ಸೇರಿದರು. ಅಲ್ಲಿ ಯಾರಿದ್ದರು? ಸುವಾರ್ತೆ ಕೇಳಿರದ ದ್ವೀಪದ ಜನ. ಮಳೆ ಸುರೀತಿತ್ತು, ಚಳಿ ಇತ್ತು. ಅವರು ಬೆಂಕಿ ಹಚ್ಚಿ ಎಲ್ಲರನ್ನೂ ಕರೆದು ಕೂರಿಸಿದರು. ದೇವರು ಪೌಲನ ಚಳಿ ಬಿಡಿಸಿದ್ದು ಅವರ ಕೈಯಿಂದ.

2019ರ ಆಗಸ್ಟ್ ನೆನಪಿದೆಯಾ? ನಾವು ಕೆಲವರು ಅಕ್ಕಿ, ಕಂಬಳಿ, ಮೇಣದಬತ್ತಿ ಹೊತ್ತುಕೊಂಡು ಊರ ಕಡೆ ಹೋದ್ವಿ. ನಮ್ಮ ಸಭೆಯ ಒಂದು ಕುಟುಂಬದ ಮನೆಯೊಳಗೆ ನೀರು ನುಗ್ಗಿತ್ತು. ನಾವು ತಲುಪೋ ಹೊತ್ತಿಗೆ ಆ ತಾಯಿ, ಮಕ್ಕಳು ಮೇಲಿನ ಮನೆಯಲ್ಲಿ ಬಚ್ಚಲ ಒಲೆ ಮುಂದೆ ಬೆಚ್ಚಗೆ ಕೂತಿದ್ರು. ಆ ಮನೆಯವರು ನಮ್ಮ ನಂಬಿಕೆಯವರಲ್ಲ. ಮೂರು ರಾತ್ರಿ ಗಂಜಿ ಕೊಟ್ಟು ನೋಡಿಕೊಂಡಿದ್ದರು. ನಾವು ತಂದ ಅಕ್ಕಿಯನ್ನು ಆ ಅಡುಗೆಮನೆಯಲ್ಲೇ ಇಳಿಸಿದ್ವಿ. ಎಲ್ಲರೂ ಒಟ್ಟಿಗೆ ಉಂಡ್ವಿ.

ಮತ್ತೆ ಮಾಲ್ಟಾಕ್ಕೆ ಬನ್ನಿ. ಮೂರನೇ ವಚನದಲ್ಲಿ ಪೌಲ ಏನು ಮಾಡ್ತಿದ್ದಾನೆ? ಪುರಲೆ ಆರಿಸ್ತಿದ್ದಾನೆ! ಅಪೊಸ್ತಲ, ಆಗ ತಾನೇ ಸಮುದ್ರದಿಂದ ಎದ್ದು ಬಂದವನು, ಬಟ್ಟೆ ಇನ್ನೂ ಒದ್ದೆ. ಬೇರೆಯವರು ಹಚ್ಚಿದ ಬೆಂಕಿಗೆ ತನ್ನದೊಂದು ಹೊರೆ ಪುರಲೆ ಹಾಕ್ತಾನೆ. ಆತ್ಮಭರಿತ ಮನುಷ್ಯ ಪ್ರವಾಹದಲ್ಲಿ ಮಾಡುವ ಕೆಲಸ ಇದು.

ಈ ವಾರ ನೀವು ಯಾವ ಬೆಂಕಿಗೆ ಪುರಲೆ ಹಾಕ್ತೀರ? ನಿಮ್ಮ ಊರಿಗೆ ಹತ್ತಿರ ಇರೋ ಒಬ್ಬ ಗೆಳೆಯನಿಗೆ ಫೋನ್ ಮಾಡಿ, ಬೇರೊಬ್ಬರ ಅಮ್ಮನನ್ನು ನೋಡಿಬರೋಕೆ ಹೇಳಿ. ಪಿಜಿಯಲ್ಲಿ ಊರಿನ ಸುದ್ದಿ ಸಿಗದೆ ಊಟ ಬಿಟ್ಟು ಕೂತವರ ಪಕ್ಕ ಕೂರಿ, ಒಂದು ತಟ್ಟೆ ಅನ್ನ ಹಾಕಿ. ಇಳಿಯದ ನೀರಿನ ದಡದಲ್ಲಿ ಕೂತವರಿಗೆ ಉಪದೇಶ ಬೇಡ, ಜೊತೆಗೆ ಕೂರೋದು ಬೇಕು.

ತಲೆ ಬಾಗಿಸಿ ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ಈ ರಾತ್ರಿ ಹೊಳೆಯ ಶಬ್ದ ಕೇಳುತ್ತಾ ಎಚ್ಚರವಾಗಿರುವ ನಮ್ಮ ತಂದೆತಾಯಿಗಳ ಹತ್ತಿರ ಇರು. ಕಂಬ ಹತ್ತುವ ಲೈನ್‌ಮನ್‌ಗಳನ್ನು, ರಸ್ತೆ ಬಿಡಿಸುವವರನ್ನು, ಆಂಬುಲೆನ್ಸ್ ಓಡಿಸುವವರನ್ನು ಕಾಪಾಡು. ನೀರು ಇಳಿಯುವಲ್ಲಿ ಬೇಗ ಇಳಿಯಲಿ ಕರ್ತನೇ. ಇಳಿಯದಿರುವಲ್ಲಿ, ಈ ಕಡೆ ದಡದಲ್ಲಿ ನೀನು ಕೊಟ್ಟಿರುವ ಬಾವಿಯನ್ನು ಅವರು ಕಾಣಲಿ. ನಮ್ಮ ಕೈಗಳನ್ನು ಉಪಯೋಗಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ, ತಂದೆಯೇ. ಆಮೆನ್.