ಒಂದೂವರೆ ಗಂಟೆಯ ದೂರ

ಮುಂಬಯಿಯಿಂದ ಮಂಗಳೂರಿಗೆ ಆಕಾಶದಲ್ಲಿ ನೇರ ಗೆರೆ ಎಳೆದರೆ ಸುಮಾರು 715 ಕಿ.ಮೀ. ಟಿಕೆಟ್ಟಿನಲ್ಲಿ ಕಾಣುವುದು ಒಂದೂವರೆ ಗಂಟೆ. ಗಂಟೆಗೆ 800 ಕಿ.ಮೀ. ವೇಗ ಹಿಡಿದರೆ ಒಂದು ಗಂಟೆಯೂ ಬೇಡ. ಉಳಿದದ್ದು ಏರುವುದಕ್ಕೆ, ಇಳಿಯುವುದಕ್ಕೆ, ನೆಲದ ಮೇಲೆ ಸಾಲು ಕಾಯುವುದಕ್ಕೆ. ಮುಂಬಯಿಯ ಎರಡು ರನ್‌ವೇಗಳು ಒಂದನ್ನೊಂದು ಅಡ್ಡ ಹಾಯುತ್ತವೆ, ಹಾಗಾಗಿ ಒಮ್ಮೆಗೆ ಒಂದನ್ನೇ ಬಳಸುತ್ತಾರೆ. ಈ ಲೆಕ್ಕಗಳೆಲ್ಲ ನನಗೆ ಬಾಯಿಪಾಠ. ಯಾಕೆಂದು ಹೇಳುತ್ತೇನೆ.

ಬಜ್ಪೆಯ ವಿಮಾನ ನಿಲ್ದಾಣ ಶುರುವಾದದ್ದು 1951ರ ಡಿಸೆಂಬರ್ 25ರಂದು. ನೆಹರೂ ಅಂದು ಡಕೋಟಾ ವಿಮಾನದಲ್ಲಿ ಬಂದಿಳಿದಿದ್ದರು. ನನ್ನ ಅಜ್ಜ ಅದಕ್ಕೂ ಮೊದಲೇ ಹಡಗು ಹತ್ತಿ ಬೊಂಬಾಯಿಗೆ ಹೋದವರು. ಮಾಟುಂಗದ ಹೋಟೆಲೊಂದರಲ್ಲಿ ಕೆಲಸ. ಅವರ ತಾಯಿ ತೀರಿಕೊಂಡದ್ದು ಆಟಿ ತಿಂಗಳಲ್ಲಿ. ಮಳೆಗಾಲಕ್ಕೆ ಹಡಗು ನಿಂತಿತ್ತು. ಕಾರ್ಡು ಕೈಸೇರುವಾಗ ಊರಲ್ಲಿ ಬೊಜ್ಜವೂ ಮುಗಿದಿತ್ತು. ಅಜ್ಜ ತಣ್ಣೀರು ಮಿಂದು, ಸಂಜೆಯ ಗಿರಾಕಿಗಳಿಗೆ ಕಾಫಿ ಕೊಟ್ಟರಂತೆ. ಊರಲ್ಲಿ ಯಾರೂ ಅವರನ್ನು ದೂರಲಿಲ್ಲ. ನಡುವೆ ಸಮುದ್ರವಿತ್ತು.

ನನ್ನ ನಡುವೆ ಏನಿತ್ತು? ಎರಡು ವರ್ಷದ ಹಿಂದೆ ಒಂದು ಮಂಗಳವಾರ ಅಕ್ಕ ಫೋನು ಮಾಡಿ, "ಅಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದೇವೆ. ಗಾಬರಿಯೇನಿಲ್ಲ, ಬರುವುದಾದರೆ ಬಾ" ಎಂದಳು. ನಾನು ಫೋನಿನಲ್ಲಿ ವಿಮಾನಗಳನ್ನು ನೋಡಿದೆ. ಬುಧವಾರವೂ ನೋಡಿದೆ. ಒಂದೂವರೆ ಗಂಟೆ ತಾನೆ, ಯಾವಾಗ ಬೇಕಾದರೂ ಹೋಗಬಹುದು. ಆಫೀಸಿನ ಕೆಲಸ ಮುಗಿಸಿ ಶುಕ್ರವಾರ ಹೊರಟರಾಯಿತು. ಗುರುವಾರ ರಾತ್ರಿ ಅಮ್ಮನಿಗೆ ಮಾತು ನಿಂತಿತು. ಇವತ್ತಿಗೂ ಬಂದಿಲ್ಲ.

ತತ್ವಶಾಸ್ತ್ರಜ್ಞ ಪೀಟರ್ ಸಿಂಗರ್ 1972ರಲ್ಲಿ, ಬಂಗಾಳದ ನಿರಾಶ್ರಿತರ ಸಂಕಟವನ್ನು ಮುಂದಿಟ್ಟುಕೊಂಡು ಒಂದು ಪ್ರಬಂಧ ಪ್ರಕಟಿಸಿದರು. ಕಣ್ಣೆದುರು ಕೊಳದಲ್ಲಿ ಮುಳುಗುವ ಮಗುವನ್ನು ಎತ್ತುವುದು ಕರ್ತವ್ಯವಾದರೆ, ಸಾವಿರಾರು ಮೈಲಿ ಆಚೆ ಇರುವವರಿಗೆ ನೆರವಾಗುವುದೂ ಅಷ್ಟೇ ಕರ್ತವ್ಯ, ದೂರ ಎಂಬುದು ನೆಪವಾಗದು ಎಂಬುದು ಅವರ ವಾದ. ನಾನು ಒಪ್ಪುತ್ತೇನೆ. ಆದರೆ ನನಗೆ ನೆಪವಾದದ್ದು ದೂರ ಅಲ್ಲ, ಹತ್ತಿರ. ವಿಮಾನವೇ ಇಲ್ಲದೆ ಮತ್ಸ್ಯಗಂಧಾ ರೈಲಿನಲ್ಲಿ ರಾತ್ರಿಯಿಡೀ ಕೂತೇ ಹೋಗಬೇಕಿದ್ದರೆ, ಬಹುಶಃ ಮಂಗಳವಾರವೇ ಹೊರಟುಬಿಡುತ್ತಿದ್ದೆ. ದಾರಿ ಉದ್ದವಿದ್ದವನು ಬೇಗ ಹೊರಡುತ್ತಾನೆ.

ಗೆಳೆಯನೊಬ್ಬ ಇದನ್ನು ಒಪ್ಪುವುದಿಲ್ಲ. ಹೋಗಲು ಸಾಧ್ಯವಿದ್ದಾಗೆಲ್ಲ ಹೋಗಲೇಬೇಕು ಎಂದಾದರೆ ಊರು ಬಿಟ್ಟವನು ಬದುಕುವುದು ಹೇಗೆ ಎಂದು ಕೇಳುತ್ತಾನೆ. ನ್ಯಾಯವಾದ ಮಾತು. ಪ್ರತಿ ಜ್ವರಕ್ಕೂ ಓಡಿ ಬಂದಿದ್ದರೆ ಅಮ್ಮನೇ, "ದುಡ್ಡು ಹೆಚ್ಚಾಗಿದೆಯಾ ನಿನಗೆ?" ಎಂದು ಬೈಯುತ್ತಿದ್ದರು. ಹಾಗಾಗಿ ಹೋಗದೇ ಇದ್ದದ್ದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಅಜ್ಜನಿಗೆ ನಿರ್ಧರಿಸುವ ಅವಕಾಶವೇ ಇರಲಿಲ್ಲ. ನನಗಿತ್ತು, ಆದರೆ ನಾನು ನಿರ್ಧರಿಸಲೇ ಇಲ್ಲ. ಸುಮ್ಮನೆ ಮೂರು ದಿನ ಹೊರಡುವ ಹೊತ್ತು, ಇಳಿಯುವ ಹೊತ್ತು ನೋಡುತ್ತಾ ಕೂತೆ. ಹೋಗುವುದಿಲ್ಲ ಎಂದು ಅಕ್ಕನಿಗೆ ಬಾಯಿಬಿಟ್ಟು ಹೇಳಿದ್ದರೂ ಇದಕ್ಕಿಂತ ಮೇಲಿತ್ತು ಅನಿಸುತ್ತದೆ.

ಈಗ ತಿಂಗಳಿಗೊಮ್ಮೆ ಹೋಗುತ್ತೇನೆ. ಅಮ್ಮ ಕೈ ಹಿಡಿದುಕೊಳ್ಳುತ್ತಾರೆ. ಆ ಬುಧವಾರ ಅಮ್ಮ ಏನಾದರೂ ಹೇಳಿದರಾ ಎಂದು ಅಕ್ಕನನ್ನು ಒಮ್ಮೆ ಕೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಎಷ್ಟು ಗಂಟೆಗೆ ಬರುತ್ತೀ ಅಂತ ಕೇಳಿದರು" ಎಂದಳು.