ಮನೆಯ ಗಣಕಯಂತ್ರ ಮತ್ತು ನಯವಿಚಾರ

ಅನೇಕಾಂತವು ಜಿನಧರ್ಮದ ಹಿರಿಮೆಯೆಂಬ ಮಾತು ಪ್ರತಿ ಮಹಾವೀರ ಜಯಂತಿಯಂದು ವೇದಿಕೆಗಳಿಂದ ಕೇಳಿಬರುತ್ತದೆ. ಕುರುಡರು ಆನೆಯನ್ನು ಮುಟ್ಟಿ ನೋಡಿದ ಕಥೆಯನ್ನು ಹೇಳಿ, ಎಲ್ಲರ ಮಾತಿನಲ್ಲಿಯೂ ಒಂದಿಷ್ಟು ಸತ್ಯವಿದೆಯೆಂದು ಮುಗಿಸಿದರೆ ಹೇಳಿದವರಿಗೂ ಕೇಳಿದವರಿಗೂ ಸಮಾಧಾನ. ಆದರೆ ಗೃಹಸ್ಥನು ಆ ಕಥೆಯನ್ನು ಕೇಳಿ ಮನೆಗೆ ಹಿಂದಿರುಗಿದ ಮೇಲೆ ಏನನ್ನಾದರೂ ಆರಿಸಿಕೊಳ್ಳಲೇಬೇಕು. ಹೊಲಕ್ಕೆ ಯಾವ ಬೀಜ, ಮಕ್ಕಳಿಗೆ ಯಾವ ಶಾಲೆ, ಕಾಯಿಲೆಗೆ ಯಾವ ವೈದ್ಯ ಎಂಬಲ್ಲಿ ಮೂವರು ಮೂರು ಮಾತು ಹೇಳಿದಾಗ ಮೂರೂ ಸರಿಯೆಂದು ಕೈಕಟ್ಟಿ ಕುಳಿತವನನ್ನು ಅನೇಕಾಂತವಾದಿಯೆಂದು ಕರೆಯಲಾಗದು. ತೀರ್ಮಾನದಿಂದ ನುಣುಚಿಕೊಳ್ಳುವುದಕ್ಕೆ ಸ್ಯಾದ್ವಾದದ ಹೆಸರನ್ನು ಬಳಸಿಕೊಳ್ಳುವ ಚಾಳಿ ಸಮಾಜದಲ್ಲಿ ಸಾಕಷ್ಟಿದೆ.

ಈ ಪ್ರಶ್ನೆ ತೀರ ಸಾಮಾನ್ಯವಾದ ವಸ್ತುವೊಂದರ ನೆಪದಲ್ಲಿ ಒಂದು ಶ್ರಾವಕ ಕುಟುಂಬದ ಮುಂದೆ ಬಂದು ನಿಂತಿತು. 2025ರ ಅಕ್ಟೋಬರ್ 14ರಂದು ವಿಂಡೋಸ್ 10 ಎಂಬ ಕಾರ್ಯಾಚರಣ ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ ಕೊನೆಗೊಂಡಿತು. 2015ರಲ್ಲಿ ಬಂದ ಆ ವ್ಯವಸ್ಥೆ ಹತ್ತು ವರ್ಷ ನಡೆದಿತ್ತು. ಬೆಂಬಲ ನಿಂತ ಮಾತ್ರಕ್ಕೆ ಯಂತ್ರ ನಿಲ್ಲುವುದಿಲ್ಲ. ಹೊಸದಾಗಿ ಪತ್ತೆಯಾಗುವ ದೋಷಗಳಿಗೆ ತಿದ್ದುಪಡಿ ಬರುವುದು ನಿಲ್ಲುತ್ತದೆ. ಬೇಕೆಂದವರಿಗೆ ಇನ್ನೊಂದು ವರ್ಷದ ರಕ್ಷಣೆಯನ್ನೂ ಸಂಸ್ಥೆ ಒದಗಿಸಿತು. ಮುಂದಿನ ವ್ಯವಸ್ಥೆಯಾದ ವಿಂಡೋಸ್ 11 ಮಾತ್ರ ಟಿ.ಪಿ.ಎಂ. 2.0 ಎಂಬ ಭದ್ರತಾ ಚಿಪ್ಪನ್ನೂ, ಹೆಚ್ಚುಕಡಿಮೆ ಇಂಟೆಲ್‌ನ ಎಂಟನೆಯ ಪೀಳಿಗೆ ಅಥವಾ ಅದಕ್ಕೆ ಸಮನಾದ ಪ್ರೊಸೆಸರನ್ನೂ ಬೇಡುತ್ತದೆ. ಅದಕ್ಕಿಂತ ಹಳೆಯ ಯಂತ್ರಗಳು ಎಷ್ಟೇ ಸುಸ್ಥಿತಿಯಲ್ಲಿದ್ದರೂ ಆ ಬಾಗಿಲಿನ ಹೊರಗೇ ಉಳಿದವು.

ಹಾಸನದ ಕಡೆಯ ನಿವೃತ್ತ ಅಧ್ಯಾಪಕರೊಬ್ಬರು 2014ರಲ್ಲಿ ಕೊಂಡ ಗಣಕಯಂತ್ರವೂ ಹಾಗೆ ಹೊರಗುಳಿದವುಗಳಲ್ಲೊಂದು. ಅದರೊಳಗೆ ಇಪ್ಪತ್ತು ವರ್ಷಗಳ ದುಡಿಮೆಯಿತ್ತು. ಮನೆತನದಲ್ಲಿ ಉಳಿದುಬಂದ ತಾಳೆಗರಿಯ ಕಟ್ಟುಗಳಿಂದ ಅವರು ಭೂತಗನ್ನಡಿ ಹಿಡಿದು ಓದಿ ಇಳಿಸಿಕೊಂಡ ನೋಂಪಿಯ ಕಥೆಗಳು, ಪೂಜಾಪಾಠಗಳು, ಶ್ರಾವಕಾಚಾರದ ಟಿಪ್ಪಣಿಗಳು ಎಲ್ಲವೂ ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿದ್ದವು. ಗರಿಗಳು ಆಗಲೇ ಅಂಚಿನಲ್ಲಿ ಪುಡಿಯಾಗುತ್ತಿದ್ದವು. ಅಧ್ಯಾಪಕರು ಪರಿಗ್ರಹ ಪರಿಮಾಣ ವ್ರತವನ್ನು ಹಿಡಿದವರು. ಮನೆಯಲ್ಲಿ ಇಂತಹ ಯಂತ್ರ ಒಂದೇ ಇರತಕ್ಕದ್ದೆಂದು ವ್ರತದ ಪುಸ್ತಕದಲ್ಲಿ ಬರೆದಿಟ್ಟಿದ್ದರು.

ದೀಪಾವಳಿಗೆ ಮನೆಯವರೆಲ್ಲ ಸೇರಿದಾಗ ಮಾತು ಬೆಳೆಯಿತು. ಬೆಂಗಳೂರಿನಲ್ಲಿರುವ ಮಗ ಮ್ಯಾಕ್ ತರುವೆನೆಂದ. "ಅಪ್ಪಾ, ದುಡ್ಡಿನ ಚಿಂತೆ ನಿಮಗೆ ಬೇಡ" ಎಂಬುದು ಅವನ ಮೊದಲ ಮಾತು. 1984ರ ಮೊದಲ ಮ್ಯಾಕಿಂಟಾಷ್‌ನಿಂದ ಬಹುಮಟ್ಟಿಗೆ ಯಂತ್ರವನ್ನೂ ವ್ಯವಸ್ಥೆಯನ್ನೂ ಒಂದೇ ಸಂಸ್ಥೆ ರೂಪಿಸುತ್ತ ಬಂದಿರುವುದರಿಂದ ಎರಡಕ್ಕೂ ಹೊಂದಾಣಿಕೆ ಚೆನ್ನಾಗಿದೆ. 2020ರಲ್ಲಿ ಆಪಲ್ ತನ್ನದೇ ಎಂ1 ಚಿಪ್ಪನ್ನು ತಂದ ಮೇಲೆ ವಿದ್ಯುತ್ ಬಳಕೆಯೂ ತಗ್ಗಿದೆ. ವರ್ಷಗಟ್ಟಲೆ ತಂಟೆ ಕೊಡದು ಎಂದು ವಾದಿಸಿದ. ಅಳಿಯನದು ಲೆಕ್ಕಪತ್ರದ ಉದ್ಯೋಗ. "ಮಾವ, ಊರಿಗೆಲ್ಲ ಇರುವುದೇ ನಿಮಗೂ ಇರಲಿ. ಕೆಟ್ಟರೆ ಪಕ್ಕದ ಬೀದಿಯ ಹುಡುಗ ಬಂದು ಸರಿಮಾಡುತ್ತಾನೆ" ಎಂದು ವಿಂಡೋಸ್ 11 ಇರುವ ಹೊಸ ಯಂತ್ರವನ್ನು ಸೂಚಿಸಿದ. ನುಡಿ, ಬರಹ ಮೊದಲಾದ ಕನ್ನಡ ತಂತ್ರಾಂಶಗಳು ಹುಟ್ಟಿದ್ದೇ ವಿಂಡೋಸ್‌ಗಾಗಿ ಎಂಬುದು ಅವನ ಗಟ್ಟಿಯಾದ ಆಧಾರ. ಇಂಜಿನಿಯರಿಂಗ್ ಓದುತ್ತಿದ್ದ ಮೊಮ್ಮಗಳು ಏನನ್ನೂ ಕೊಳ್ಳುವುದೇ ಬೇಡವೆಂದಳು. ಹಳೆಯ ಯಂತ್ರದ ತಿರುಗುವ ಡಿಸ್ಕನ್ನು ತೆಗೆದು ಎಸ್.ಎಸ್.ಡಿ. ಹಾಕಿಸಿ, ಹಗುರವಾದ ಲಿನಕ್ಸ್ ಒಂದನ್ನು ಸ್ಥಾಪಿಸಿದರೆ ಇನ್ನೂ ಹಲವು ವರ್ಷ ನಡೆಯುತ್ತದೆಂಬುದು ಅವಳ ಮತ.

ಮೂವರೂ ಸುಳ್ಳಾಡಲಿಲ್ಲ. ಮಗನು ನೆಮ್ಮದಿಯ ಅಪೇಕ್ಷೆಯಿಂದ, ಅಳಿಯನು ಲೋಕವ್ಯವಹಾರದ ಅಪೇಕ್ಷೆಯಿಂದ, ಮೊಮ್ಮಗಳು ಮಿತವ್ಯಯದ ಅಪೇಕ್ಷೆಯಿಂದ ಮಾತನಾಡಿದರು. ಪ್ರತಿಯೊಂದೂ ಒಂದು ನಯ. ಕೆಟ್ಟದ್ದು ಎಲ್ಲಿಂದ ಎಂದರೆ, ಮಾತಿನ ನಡುವೆ 'ಇದು' ಹೋಗಿ 'ಇದೇ' ಬಂದಾಗ. ಮ್ಯಾಕ್‌ನಲ್ಲಿ ಕೊಂಡ ಮೇಲೆ ಮೆಮೊರಿಯನ್ನು ಹೆಚ್ಚಿಸಲಾಗದೆಂಬುದನ್ನು ಮಗ ಕೇಳಿಸಿಕೊಳ್ಳಲಿಲ್ಲ. ತಾನು ಹಾಸ್ಟೆಲಿಗೆ ಹೋದ ಮೇಲೆ ಮುದ್ರಕ ಕೈಕೊಟ್ಟರೆ ತಾತ ಯಾರನ್ನು ಕರೆಯಬೇಕೆಂಬುದಕ್ಕೆ ಮೊಮ್ಮಗಳಲ್ಲಿ ಉತ್ತರವಿರಲಿಲ್ಲ. ಇತರ ನಯಗಳ ಹಂಗೇ ಬೇಡವೆನ್ನುವ ನಯವನ್ನು ಆಪ್ತಮೀಮಾಂಸೆಯ ಸಮಂತಭದ್ರರು ಸರಿಯಾದ ನಯವೆಂದು ಒಪ್ಪುವುದಿಲ್ಲ. ಸಾಪೇಕ್ಷವಾಗಿದ್ದಷ್ಟು ಹೊತ್ತು ಮಾತ್ರ ಅದರಿಂದ ಕೆಲಸವಾಗುತ್ತದೆ. ಕೆಲಸವಾಗಬೇಕೆಂಬ ಈ ಅಂಶವನ್ನೇ ವೇದಿಕೆಯ ಭಾಷಣಗಳು ಬಿಟ್ಟುಬಿಡುತ್ತವೆ.

ಯಂತ್ರಗಳ ಗುಣಾವಗುಣಗಳನ್ನು ತೂಗುವ ಮೊದಲೇ ಇನ್ನೊಂದು ಸಂಗತಿ ಹೊರಬಿತ್ತು. 2014ರಲ್ಲಿ ಯಂತ್ರವನ್ನು ಜೋಡಿಸಿಕೊಟ್ಟ ಅಂಗಡಿಯವನು ಅದರಲ್ಲಿ ಹಾಕಿದ್ದ ವಿಂಡೋಸ್ ಅನುಮತಿಯಿಲ್ಲದ ನಕಲೆಂದು ಮೊಮ್ಮಗಳು ಕಂಡುಹಿಡಿದಳು. ಇಂಥ ನಕಲುಗಳು ಆ ಕಾಲದಲ್ಲಿ ಎಷ್ಟು ಸಹಜವಾಗಿದ್ದವೆಂದರೆ ಕೇಳುವವರೂ ಇರಲಿಲ್ಲ, ಹೇಳುವವರೂ ಇರಲಿಲ್ಲ. ಅಧ್ಯಾಪಕರಿಗೆ ಆಘಾತವಾಯಿತು. ಮನೆಯವರು ಸಮಾಧಾನಕ್ಕೆ ತೊಡಗಿದರು: ಅಷ್ಟು ದೊಡ್ಡ ಸಂಸ್ಥೆಗೆ ಇದರಿಂದ ಏನು ನಷ್ಟ? ನಕಲು ಮಾಡಿದರೆ ಮೂಲವೇನೂ ಕಡಿಮೆಯಾಗುವುದಿಲ್ಲವಲ್ಲ?

ಈ ವಾದವು ಮೇಲುನೋಟಕ್ಕೆ ಬಲವಾಗಿದೆ. ಒಬ್ಬನ ಎತ್ತನ್ನು ಕದ್ದರೆ ಅವನ ಕೊಟ್ಟಿಗೆ ಬರಿದಾಗುತ್ತದೆ. ತಂತ್ರಾಂಶವನ್ನು ನಕಲಿಸಿದರೆ ಯಾರ ಕೊಟ್ಟಿಗೆಯೂ ಬರಿದಾಗದು. ಆದರೆ ಜೈನಶಾಸ್ತ್ರವು ಸ್ತೇಯವನ್ನು ವಿವರಿಸುವಾಗ ಕಳೆದುಕೊಂಡವನ ನಷ್ಟದಿಂದ ಆರಂಭಿಸುವುದಿಲ್ಲ. ಅದು ಹಿಡಿಯುವ ಪದ 'ಅದತ್ತ'. ಕೊಡದೆ ಇದ್ದುದನ್ನು ತೆಗೆದುಕೊಂಡದ್ದೇ ದೋಷ; ನಷ್ಟ ಎಷ್ಟೆಂಬುದು ಆಮೇಲಿನ ಲೆಕ್ಕ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ, ಇನ್ನೊಬ್ಬನು ಕದ್ದು ತಂದುದನ್ನು ಸ್ವೀಕರಿಸುವುದನ್ನೂ ಸೇರಿಸಿದೆ. ಅಂಗಡಿಯವನ ಕೈಯಿಂದ ಅರಿಯದೆ ಪಡೆದದ್ದು ಒಂದು ಮಾತು. ತಿಳಿದ ಮೇಲೆಯೂ ಇಟ್ಟುಕೊಂಡರೆ ಬೇರೆಯೇ ಮಾತು. ಮ್ಯಾಕ್ ಹಿತವೋ ವಿಂಡೋಸ್ ಹಿತವೋ ಎಂಬಲ್ಲಿ ನಯಗಳಿಗೆ ಎಡೆಯುಂಟು. ಕೊಡದುದನ್ನು ಇಟ್ಟುಕೊಳ್ಳಬಹುದೇ ಎಂಬಲ್ಲಿ ವ್ರತ ಹಿಡಿದವನಿಗೆ ಆ ಎಡೆಯಿಲ್ಲ. ಎಲ್ಲ ಪ್ರಶ್ನೆಗಳೂ ಅನೇಕಾಂತದ ಚಾವಡಿಯಲ್ಲಿ ಇತ್ಯರ್ಥವಾಗತಕ್ಕವಲ್ಲ.

ಇದೇ 'ಅದತ್ತ' ಎಂಬ ಪದವನ್ನು ತಿರುಗಿಸಿ ನೋಡಿದರೆ ಲಿನಕ್ಸ್‌ನ ವಿಶೇಷವೂ ತಿಳಿಯುತ್ತದೆ. 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಫಿನ್‌ಲೆಂಡಿನಲ್ಲಿ ವಿದ್ಯಾರ್ಥಿಯಾಗಿದ್ದಾಗ ಆರಂಭಿಸಿದ ಈ ವ್ಯವಸ್ಥೆಯ ತಿರುಳು, ರಿಚರ್ಡ್ ಸ್ಟಾಲ್ಮನ್ ರೂಪಿಸಿದ್ದ ಜಿ.ಪಿ.ಎಲ್. ಎಂಬ ಪರವಾನಗಿಯನ್ನು 1992ರಲ್ಲಿ ಸ್ವೀಕರಿಸಿತು. ಆ ಪರವಾನಗಿಯಂತೆ ಯಾರು ಬೇಕಾದರೂ ನಕಲಿಸಬಹುದು, ತಿದ್ದಬಹುದು, ಹಂಚಬಹುದು. ಹಂಚುವಾಗ ಪಡೆಯುವವನಿಗೂ ಅದೇ ಹಕ್ಕನ್ನು ಕೊಡಬೇಕು. ಹೀಗೆ ಇದು ಸಂಪೂರ್ಣವಾಗಿ 'ದತ್ತ', ಕೊಟ್ಟದ್ದು. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬ ಕೀರ್ತಿಯನ್ನು ಬಲ್ಲ ಸಮಾಜಕ್ಕೆ ಈ ಭಾವ ಹೊಸತಲ್ಲ. ಅದೇ ಸಮಾಜವು ಮೂಡಬಿದಿರೆಯ ಧವಲಾ ಗ್ರಂಥವನ್ನು ಬಹುಕಾಲ ದರ್ಶನಕ್ಕಷ್ಟೇ ಇಟ್ಟುಕೊಂಡಿತ್ತು, 1939ರಲ್ಲಿ ಅದರ ಮೊದಲ ಸಂಪುಟ ಅಚ್ಚಾಗುವ ತನಕ ಅದು ಓದುಗರ ಕೈಗೆ ಬಂದಿರಲಿಲ್ಲವೆಂಬುದನ್ನೂ ನೆನೆಯಬೇಕು. ಕೊಡುವುದರ ಹಿರಿಮೆಯನ್ನು ಹೊಗಳುವುದು ಸುಲಭ. ಅದೂ ಅಲ್ಲದೆ, ಶಾಸ್ತ್ರದಾನದ ಗುರಿ ಸಮ್ಯಗ್‌ಜ್ಞಾನ. ಗಣಕದ ವ್ಯವಸ್ಥೆ ಎಷ್ಟು ಉದಾರವಾಗಿ ಹಂಚಲ್ಪಟ್ಟರೂ ಅದೊಂದು ಉಪಕರಣವಷ್ಟೆ.

ಹಳೆಯ ಯಂತ್ರವನ್ನು ಎಸೆಯುವುದರಲ್ಲಿ ಹಿಂಸೆಯಿಲ್ಲವೇ ಎಂಬ ಪ್ರಶ್ನೆಯೂ ಎದ್ದಿತು. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ವರದಿಯಂತೆ 2022ರಲ್ಲಿ ಲೋಕದಲ್ಲಿ 6.2 ಕೋಟಿ ಟನ್ ವಿದ್ಯುನ್ಮಾನ ತ್ಯಾಜ್ಯ ಹುಟ್ಟಿತು. ಅದರಲ್ಲಿ ಕ್ರಮವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದು ಶೇಕಡಾ 22.3 ಮಾತ್ರ. ಉಳಿದುದರಲ್ಲಿ ಬಹುಪಾಲು ಎಲ್ಲಿ ಸೇರುತ್ತದೆಂಬುದಕ್ಕೆ ದಿಲ್ಲಿಯ ಸೀಲಂಪುರದಂಥ ಕಡೆ ಬರಿಗೈಯಲ್ಲಿ ತಂತಿ ಸುಲಿಯುವವರೇ ಸಾಕ್ಷಿ. ಪೃಥ್ವೀಕಾಯ ಜೀವಗಳ ಮಾತನ್ನು ನಂಬದವನೂ ಆ ಕೈಗಳನ್ನು ನೋಡಬಹುದು.

ಕೊನೆಗೆ ಅಧ್ಯಾಪಕರು ಒಂದೇ ಒಂದು ಅಪೇಕ್ಷೆಯನ್ನು ಮುಂದಿಟ್ಟರು: ಗರಿಗಳಿಂದ ಇಳಿಸಿದ ಬರಹ ಉಳಿಯಬೇಕು. ಆಗ ಹೋಲಿಕೆಯ ಸ್ವರೂಪವೇ ಬದಲಾಯಿತು. ನುಡಿಯ ಹಳೆಯ ಅಕ್ಷರಶೈಲಿಗಳು ಕನ್ನಡದ ರೂಪಗಳನ್ನು ಇಂಗ್ಲಿಷ್ ಅಕ್ಷರಗಳ ಸಂಕೇತಗಳಲ್ಲಿ ಅಡಗಿಸಿಡುತ್ತಿದ್ದವು. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ಲಿಪಿಗಳ ಸಂತೆ. ಕನ್ನಡಕ್ಕೆ ತನ್ನದೇ ಸಂಕೇತಗಳನ್ನು ಕೊಟ್ಟ ಯೂನಿಕೋಡ್ 1991ರಷ್ಟು ಹಿಂದೆಯೇ ಬಂದಿದ್ದರೂ ಬಳಕೆಗೆ ಬರಲು ಬಹಳ ಕಾಲ ಹಿಡಿಯಿತು. ಬರಹವನ್ನು ಯೂನಿಕೋಡಿಗೆ ತಿರುಗಿಸಿಬಿಟ್ಟರೆ ಮೂರು ವ್ಯವಸ್ಥೆಗಳೂ ಅದನ್ನು ಓದಬಲ್ಲವು. ತಿರುಗಿಸದಿದ್ದರೆ ಅತ್ಯಂತ ಬೆಲೆಬಾಳುವ ಯಂತ್ರವೂ ಅದನ್ನು ಉಳಿಸಲಾರದು. ಯಂತ್ರದ ಮೇಲಿನ ಜಗಳದಲ್ಲಿ ಎರಡು ದಿನ ಕಳೆದಿದ್ದವರು ಈ ಮಾತನ್ನು ಮೂರನೆಯ ದಿನ ಯೋಚಿಸಿದರು.

ಅವರು ಹಳೆಯ ಯಂತ್ರಕ್ಕೆ ಲಿನಕ್ಸ್ ಹಾಕಿಸಿದರು. ಕೆ. ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವು ನುಡಿಯಲ್ಲಿದ್ದಂತೆಯೇ 'ಕಗಪ' ಎಂಬ ಹೆಸರಿನಲ್ಲಿ ಅಲ್ಲಿಯೂ ಇದ್ದುದರಿಂದ ಬೆರಳುಗಳು ಹೊಸದಾಗಿ ಏನನ್ನೂ ಕಲಿಯಬೇಕಾಗಲಿಲ್ಲ.

ಇಲ್ಲಿಗೆ ಎಲ್ಲವೂ ಸರಿಯಾಗಿತ್ತು. ತಪ್ಪಿದ್ದು ಆಮೇಲೆ. ಬಸದಿಯ ಸಂಜೆಯ ಸ್ವಾಧ್ಯಾಯದಲ್ಲಿ ಅವರು, ಜೈನನಾದವನು ಬಳಸತಕ್ಕ ವ್ಯವಸ್ಥೆ ಲಿನಕ್ಸೇ ಎಂದೂ ಉಳಿದುವು ಲೋಭದ ಕೂಸುಗಳೆಂದೂ ಪ್ರತಿಪಾದಿಸಿದರು. ದುಡ್ಡು ಕೊಡದೆ ದೊರೆತುದನ್ನು ಆರಿಸಿಕೊಂಡು ಅದನ್ನೇ ಅಪರಿಗ್ರಹವೆಂದು ಎಣಿಸಿಕೊಳ್ಳುವುದು ಎಷ್ಟು ಹಗುರ! ಪರಿಗ್ರಹದ ಬೇರನ್ನು ವಸ್ತುವಿನಲ್ಲಿ ಕಾಣದೆ ಮೂರ್ಛೆಯಲ್ಲಿ ಕಂಡ ಪರಂಪರೆಯಲ್ಲಿ, ವಸ್ತುವನ್ನು ಬಿಟ್ಟ ಹೆಮ್ಮೆಯೂ ಮೂರ್ಛೆಯೇ. ಮಾನಕಷಾಯಕ್ಕೆ ಬೆಲೆಪಟ್ಟಿಯಿಲ್ಲ.

ಕೇಳುತ್ತಿದ್ದವರಲ್ಲಿ ಅವರ ಬಾಲ್ಯದ ಗೆಳೆಯರೊಬ್ಬರಿದ್ದರು. ಸಕ್ಕರೆ ಕಾಯಿಲೆಯಿಂದ ದೃಷ್ಟಿ ಪೂರ್ತಿ ಹೋಗಿ ಹಲವು ವರ್ಷಗಳಾಗಿದ್ದವು. ತೆರೆಯ ಮೇಲಿನ ಬರಹವನ್ನು ಓದಿ ಹೇಳುವ ಎನ್.ವಿ.ಡಿ.ಎ. ಎಂಬ ತಂತ್ರಾಂಶದ ನೆರವಿನಿಂದ ಅವರು ಕನ್ನಡದಲ್ಲಿ ಪತ್ರಗಳನ್ನು ಕೇಳುತ್ತಿದ್ದರು, ಬರೆಯುತ್ತಿದ್ದರು. 2006ರಲ್ಲಿ ಆಸ್ಟ್ರೇಲಿಯಾದಲ್ಲಿ ಆರಂಭವಾದ ಆ ತಂತ್ರಾಂಶವೂ ಮುಕ್ತವಾದದ್ದು, ಉಚಿತವಾದದ್ದು. ಆದರೆ ಅದು ನಡೆಯುವುದು ವಿಂಡೋಸ್‌ನಲ್ಲಿ ಮಾತ್ರ. ಲಿನಕ್ಸ್‌ನಲ್ಲಿ ಅಂಥ ಬೇರೊಂದು ಸಾಧನವಿದೆಯಾದರೂ ಅವರ ಕೈಯೂ ಕಿವಿಯೂ ಪಳಗಿದ್ದು ಇದಕ್ಕೆ. "ಮೇಷ್ಟ್ರೇ, ಹಾಗಾದರೆ ನನ್ನದು ಯಾರ ಯಂತ್ರ?" ಎಂದು ಅವರು ಮೆಲ್ಲಗೆ ಕೇಳಿದರು.

ಅಧ್ಯಾಪಕರು ಆ ಸಂಜೆ ಉತ್ತರಿಸಲಿಲ್ಲ. ಮರುದಿನ ಗೆಳೆಯರ ಮನೆಗೆ ಹೋಗಿ ಕುಳಿತು, ತಾವು ಯೂನಿಕೋಡಿಗೆ ತಿರುಗಿಸಿದ್ದ ನೋಂಪಿಯ ಕಥೆಯೊಂದನ್ನು ಅವರ ಯಂತ್ರದಲ್ಲಿ ತೆರೆಯಿಸಿದರು. ಯಂತ್ರದ ಒಣಧ್ವನಿ ಅದನ್ನು ಓದತೊಡಗಿತು. ಪರಿವರ್ತನೆಯಲ್ಲಿ ಅರ್ಕಾವೊತ್ತುಗಳು ಸ್ಥಳ ತಪ್ಪಿದ್ದವು, ಕೆಲವು ಒತ್ತಕ್ಷರಗಳು ಮುರಿದಿದ್ದವು. 'ಧರ್ಮ'ವೆಂಬಲ್ಲಿ ಯಂತ್ರ ತೊದಲಿತು. ಕಣ್ಣಿಗೆ ಜಾರಿಹೋಗಿದ್ದ ತಪ್ಪುಗಳು ಕಿವಿಗೆ ಸಿಕ್ಕವು. ಅಂದಿನಿಂದ ವಾರಕ್ಕೆರಡು ಸಂಜೆ ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಗರಿಯನ್ನು ಬೆಳಕಿಗೆ ಹಿಡಿದು ಒಪ್ಪಿಟ್ಟು ತಿದ್ದುತ್ತಾರೆ.

ಮಗನ ಮಾತು ಮಾತ್ರ ಹಾಗೆಯೇ ಉಳಿದಿದೆ. ತಂದೆಗೆಂದು ಅವನು ಮೊದಲೇ ಕೊಂಡುಬಿಟ್ಟಿದ್ದ ಮ್ಯಾಕ್ ಬೆಂಗಳೂರಿನ ಮನೆಯಲ್ಲಿ ಡಬ್ಬ ಒಡೆಯದೆ ಇದೆ. ವ್ರತದ ಸಂಖ್ಯೆ ಕಾಪಾಡಿಕೊಳ್ಳುವ ಭರದಲ್ಲಿ ಮಗನ ಪ್ರೀತಿಯನ್ನು ನೋಯಿಸಿದ್ದಕ್ಕೆ ಯಾವ ಹೆಸರಿಡಬೇಕೆಂದು ಅವರು ಶ್ರಾವಕಾಚಾರದ ಟಿಪ್ಪಣಿಗಳಲ್ಲಿ ಹುಡುಕುತ್ತಿದ್ದಾರೆ. ತಿದ್ದುವುದಕ್ಕೆ ಇನ್ನೂ ಎರಡು ಕಟ್ಟು ಗರಿಗಳಿವೆ.